ಆಶ್ರಯ ಕಟ್ಟಡದ ಬೀಗ ಒಡೆದವಳ ಉತ್ತರ

ವಿಪತ್ತು ನಿರ್ವಹಣಾ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ನನ್ನ ಅಕ್ಕ ಚಂಡಮಾರುತದಲ್ಲಿ ಸತ್ತದ್ದು ಅವಳದೇ ನಿರ್ಲಕ್ಷ್ಯದಿಂದ ಎಂದು ತಾವು ಪತ್ರಕರ್ತರ ಮುಂದೆ ಹೇಳಿದಿರಿ. ಅವಳ ಹೆಸರು ಹಿಡಿದು ಹೇಳಲಿಲ್ಲ, ಅಷ್ಟು ಪುಣ್ಯ. "ಎಚ್ಚರಿಕೆ ಕೊಟ್ಟರೂ ಮನೆ ಬಿಟ್ಟು ಬಾರದ ಕೆಲವರ ಹಠ ಮತ್ತು ನಿರ್ಲಕ್ಷ್ಯವೇ ಈ ಸಾವುಗಳಿಗೆ ಕಾರಣ" ಎಂದಿರಿ. ಅದೇ ವಾರ ನಿಮ್ಮ ಕಚೇರಿಯಿಂದ ನನಗೊಂದು ನೋಟಿಸು ಬಂತು. ಆಶ್ರಯ ಕಟ್ಟಡದ ಶೌಚಾಲಯದ ಬೀಗ ಒಡೆದು ನಾನು ಸಾರ್ವಜನಿಕ ಆಸ್ತಿಗೆ ಹಾನಿ ಮಾಡಿದ್ದೇನಂತೆ. ಅಕ್ಕ ಬರಲಿಲ್ಲ, ಅದು ಅವಳ ತಪ್ಪು. ತಂಗಿ ಬಂದಳು, ಬಂದು ಬೀಗ ಒಡೆದಳು, ಅದು ಇವಳ ತಪ್ಪು. ಹಾಗಾದರೆ ಒಬ್ಬ ಹೆಂಗಸು ಬಿರುಗಾಳಿಯ ದಿನ ಏನು ಮಾಡಿದರೆ ನಿಮ್ಮ ಕಚೇರಿಗೆ ಸರಿಹೋಗುತ್ತದೆ? ನೋಟಿಸಿಗೆ ಲಿಖಿತ ಉತ್ತರ ಕೊಡಬೇಕೆಂದು ಅಪ್ಪಣೆ ಮಾಡಿದ್ದೀರಿ. ಕೊಡುತ್ತಿದ್ದೇನೆ. ನಿಮ್ಮ ಕಡತದೊಳಗೆ ಹೋದ ಕಾಗದ ಹೊರಬಂದದ್ದನ್ನು ನಾನು ಕಂಡಿಲ್ಲವಾದ್ದರಿಂದ ಪತ್ರಿಕೆಗೇ ಕಳಿಸುತ್ತಿದ್ದೇನೆ. ಚಹಾದ ಜೊತೆ ಓದಿಕೊಳ್ಳಿ.

ಮೊದಲು ಸತ್ತವಳ ಪರಿಚಯ. ಅಕ್ಕ ಬಂದರಿನಲ್ಲಿ ಮೀನು ಹರಾಜು ಕೂಗುತ್ತಿದ್ದಳು. ಅವಳ ಕಂಠ ಎಂಥದ್ದೆಂದರೆ, ದೋಣಿಗಳು ಇನ್ನೂ ದಡ ಮುಟ್ಟುವ ಮೊದಲೇ ಒಳಗಿದ್ದವರಿಗೆ ಆ ದಿನದ ದರ ಗೊತ್ತಾಗುತ್ತಿತ್ತು. ಅದಕ್ಕೇ ಓಣಿಯವರೆಲ್ಲ ಅವಳನ್ನು ಮೈಕಕ್ಕ ಎನ್ನುತ್ತಿದ್ದರು. ಭಾವ ಸರಕು ಹಡಗಿನಲ್ಲಿ ಅಡುಗೆಯವನು, ವರ್ಷದಲ್ಲಿ ಹೆಚ್ಚಿನ ಕಾಲ ಬೇರೆ ಯಾವುದೋ ಸಮುದ್ರದ ಮೇಲೆ ಇರುತ್ತಾನೆ. ಮನೆಯಲ್ಲಿ ಅಕ್ಕ, ಅವಳ ಅತ್ತೆ, ಮಗಳು ಪುಟ್ಟಿ. ಅತ್ತೆಗೆ ಮೊಣಕಾಲು ಸೋತಿವೆ, ಮೂತ್ರ ತಡೆಯುವುದಿಲ್ಲ. ಗಳಿಗೆಗೊಮ್ಮೆ ಯಾರಾದರೂ ಎತ್ತಿ ಕರೆದುಕೊಂಡು ಹೋಗಬೇಕು. ಅದೇ ಓಣಿಯ ತುದಿಯಲ್ಲಿ ನನ್ನ ಹೊಲಿಗೆ ಅಂಗಡಿ, ಹಿಂದಿನ ಕೋಣೆಯಲ್ಲಿ ನನ್ನ ವಾಸ. ಮದುವೆಯಾಗಿಲ್ಲ. ಊಟ ಅಕ್ಕನ ಮನೆಯಲ್ಲೇ ಆಗುತ್ತಿತ್ತು, ಜಗಳವೂ ಅಲ್ಲೇ.

ಇಂಥ ಅಕ್ಕನಿಗೆ ಎಚ್ಚರಿಕೆ ಕೇಳಿಸಲಿಲ್ಲವೆ? ಕೇಳಿಸಿತು. ನ್ಯಾಯವಾಗಿ ಹೇಳುತ್ತೇನೆ, ಈ ಸಲ ನಿಮ್ಮ ಹವಾಮಾನದವರು ಹೇಳಿದ ಗಾಳಿ ಹೇಳಿದ ಹೊತ್ತಿಗೆ, ಹೇಳಿದ ಕಡೆಗೇ ಬಂತು. ಧ್ವನಿವರ್ಧಕದ ಜೀಪು ಬಂತು, ಫೋನುಗಳು ಕಿರುಚಿಕೊಂಡವು, ಬಸ್ಸೂ ಬಂತು. ಅಕ್ಕ ಹಠಮಾರಿಯೂ ಅಲ್ಲ, ಸಾಮಾನಿನ ಮೋಹದವಳೂ ಅಲ್ಲ. ಇದರ ಹಿಂದಿನ ಚಂಡಮಾರುತದಲ್ಲಿ ಎಲ್ಲರಿಗಿಂತ ಮೊದಲು ಅತ್ತೆಯನ್ನು ಬೆನ್ನ ಮೇಲೆ ಹೊತ್ತು ನಿಮ್ಮ ಆಶ್ರಯ ಕಟ್ಟಡದ ಮೆಟ್ಟಿಲು ಹತ್ತಿದವಳು ಅವಳೇ. ಓಣಿಯ ಬಾಗಿಲು ಬಾಗಿಲಿಗೂ ಹೋಗಿ, "ಏಳ್ರೇ, ಪಾತ್ರೆ ಆಮೇಲೆ ತೊಳೀಬಹುದು" ಎಂದು ಕೂಗಿ ಎಬ್ಬಿಸಿದವಳೂ ಅವಳೇ. ನಿಮ್ಮ ಜೀಪಿಗಿಂತ ಅವಳ ಕೂಗಿಗೆ ಹೆಚ್ಚು ಜನ ಎದ್ದರು. ಅಂಥವಳು ಎರಡನೆಯ ಸಲ ಏಕೆ ಬರಲಿಲ್ಲ ಎಂದು ನಿಮ್ಮಲ್ಲಿ ಒಬ್ಬರಾದರೂ ಕೇಳಿದಿರಾ?

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಆ ಮೊದಲ ಸಲ ಮೇಲ್ಮಹಡಿಯ ಒಂದೇ ಹಾಲಿನಲ್ಲಿ ನಾವೆಲ್ಲ ಇದ್ದೆವು. ಗಂಡಸರು, ಹೆಂಗಸರು, ಬಾಣಂತಿ, ಕುಡುಕ, ನಾಯಿ, ಎಲ್ಲರೂ. ಮೂಲೆಯಲ್ಲಿ ಒಂದು ಶೌಚಾಲಯ. ಅದಕ್ಕೆ ಬಾಗಿಲಿರಲಿಲ್ಲ. ಬಾಗಿಲಿನ ಚೌಕಟ್ಟಿತ್ತು, ಹೆಚ್ಚೆಂದರೆ ಅದು ಬಾಗಿಲಿನ ಭರವಸೆ. ನೀರೂ ಇರಲಿಲ್ಲ. ಹೊರಗೆ ನೀರು ನೀರು ಎಂದು ಲೋಕವೇ ಮುಳುಗುತ್ತಿತ್ತು, ಒಳಗೆ ಒಂದು ಚೊಂಬು ನೀರಿಗೆ ಗತಿಯಿರಲಿಲ್ಲ. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು. ತಡೆಯಲಾರದೆ ಎದ್ದವರಿಗೆ ಅಕ್ಕ ಬೆನ್ನು ತಿರುಗಿಸಿ, ಕೈ ಅಗಲಿಸಿ, ಚೌಕಟ್ಟಿನಲ್ಲಿ ನಿಂತು ತಾನೇ ಬಾಗಿಲಾದಳು. ಆಚೆ ಗೋಡೆಯ ಹತ್ತಿರ ಕೂತಿದ್ದ ಕೆಲವು ಪುಂಡರು ಫೋನಿನ ಬೆಳಕು ಬಿಟ್ಟು ನಕ್ಕರು. ಅಕ್ಕ ಅವರ ಅಪ್ಪ ಅಜ್ಜಂದಿರನ್ನೆಲ್ಲ ಸೇರಿಸಿ ಬೈದಳು. ಆದರೆ ಎಷ್ಟು ಹೊತ್ತು ಅಂತ ಒಬ್ಬ ಹೆಂಗಸು ಬಾಗಿಲಾಗಿ ನಿಲ್ಲುತ್ತಾಳೆ? ಒಂದು ಗಳಿಗೆ ಬಾಣಂತಿಗೆ ಆಸರೆಯಾಗಲು ಆಚೆ ಹೋದಳು. ಅಷ್ಟರಲ್ಲಿ ಅತ್ತೆ ಕೂತಲ್ಲೇ ಎಲ್ಲ ಮಾಡಿಕೊಂಡಿದ್ದರು. ಜನ ಮೂಗು ಮುಚ್ಚಿಕೊಂಡು ಚಾಪೆ ಸಮೇತ ದೂರ ಸರಿದರು. ಆ ಕಿಕ್ಕಿರಿದ ಹಾಲಿನಲ್ಲಿ ಅತ್ತೆಯ ಸುತ್ತ ಮಾತ್ರ ಖಾಲಿ ಜಾಗ. ಇಡೀ ಜೀವಮಾನ ಅಂಗಳಕ್ಕೆ ಬರುವಾಗಲೂ ತಲೆ ಬಾಚಿಕೊಂಡು ಬರುತ್ತಿದ್ದ ಹೆಂಗಸು ಅದು. ಮನೆಗೆ ಬಂದ ಮೇಲೂ ಎಷ್ಟೋ ದಿನ ಯಾರ ಮುಖವನ್ನೂ ನೋಡಲಿಲ್ಲ. "ಇನ್ನೊಂದ್ಸಲ ನನ್ನ ಅಲ್ಲಿಗೆ ಎತ್ಕೊಂಡು ಹೋಗ್ಬೇಡ ಕಣೇ. ಸಮುದ್ರಾನೇ ವಾಸಿ, ಅದಕ್ಕೆ ಕಣ್ಣಿಲ್ಲ," ಎಂದು ಸೊಸೆಯ ಕೈಯಲ್ಲಿ ಆಣೆ ಹಾಕಿಸಿಕೊಂಡರು.

ಇದೆಲ್ಲ ನಿಮಗೆ ತಿಳಿಯದ ಸಂಗತಿಯೆಂದು ಜಾರಿಕೊಳ್ಳುವ ಹಾಗಿಲ್ಲ. ಗಾಳಿ ನಿಂತ ಮೇಲೆ ಶಾಲೆಯಲ್ಲಿ ತಾವು ಅಹವಾಲು ಸಭೆ ಕರೆದಿದ್ದಿರಿ. ಅಕ್ಕ ಎದ್ದು ನಿಂತು ಕೇಳಿದಳು. ಅವಳ ಕೈಗೆ ಮೈಕು ಕೊಡಲು ಬಂದವನು ಅವಳ ಮೊದಲ ಮಾತು ಕೇಳಿಯೇ ಹಿಂದಕ್ಕೆ ಹೋದ. "ಸಾರ್, ಹೆಂಗಸರಿಗೆ ಒಂದು ಬೇರೆ ಕೋಣೆ, ಬಾಗಿಲಿರೋ ಕಕ್ಕಸು, ಅದಕ್ಕೊಂದು ಚಿಲಕ, ಒಂದು ತೊಟ್ಟಿ ನೀರು. ಇಷ್ಟು ಮಾಡಿಕೊಡಿ. ಬೇರೇನೂ ಬೇಡ."

ತಾವು ನಕ್ಕಿರಿ. "ಅಮ್ಮಾ, ಜೀವ ಉಳಿಸಿಕೊಳ್ಳೋಕೆ ಬಂದವರು ಒಂದು ರಾತ್ರಿ ತಡ್ಕೊಳ್ಳೋಕಾಗಲ್ವಾ?" ಎಂದಿರಿ. ನೀವು ನಕ್ಕದ್ದರಿಂದ ಪಕ್ಕದವರು ನಕ್ಕರು, ಅವರು ನಕ್ಕದ್ದರಿಂದ ಸಭೆಯೇ ನಕ್ಕಿತು.

ಅಕ್ಕ ಕೂರಲಿಲ್ಲ. "ನೀವು ತಡ್ಕೋತೀರಾ ಸಾರ್? ಸಭೆ ಶುರುವಾದ ಮೇಲೆ ಎರಡು ಸಲ ಎದ್ದು ಹಿಂದಿನ ಬಾಗಿಲಿಗೆ ಹೋಗಿ ಬಂದ್ರಲ್ಲ. ನಾವು ಯಾರಾದ್ರೂ ನಕ್ಕಿದ್ವಾ?"

ಆಗ ಸಭೆ ಮೊದಲಿಗಿಂತ ಜೋರಾಗಿ ನಕ್ಕಿತು. ತಮ್ಮ ಮುಖ ಮಾತ್ರ ಹುಳ್ಳಗಾಯಿತು. "ಪರಿಶೀಲಿಸೋಣ" ಎಂದು ಮುಂದಿನವರನ್ನು ಕರೆದಿರಿ. ಪರಿಶೀಲನೆ ಹೇಗೆ ನಡೆಯಿತೆಂದು ಈಗ ಹೇಳುತ್ತೇನೆ.

ಈ ಸಲ ಬಸ್ಸು ಬಂದ ಮಧ್ಯಾಹ್ನ ಮಳೆ ಇನ್ನೂ ಹನಿಯುತ್ತಿತ್ತಷ್ಟೆ. ಅಕ್ಕ ಬಾಗಿಲಲ್ಲಿ ನಿಂತು ಪುಟ್ಟಿಯ ಚೀಲಕ್ಕೆ ಒಣ ಬಟ್ಟೆ ತುರುಕುತ್ತಿದ್ದಳು. ಪುಟ್ಟಿ ದೊಡ್ಡವಳಾಗಿದ್ದಾಳೆ. ಅವಳಿಗೆ ಅದೇ ಬೆಳಿಗ್ಗೆ ತಿಂಗಳದ್ದು ಶುರುವಾಗಿತ್ತು.

"ನಾ ಹೋಗಲ್ಲಮ್ಮ. ಅಲ್ಲಿ ಎಲ್ಲರ ಮುಂದೆ... ನಾ ಹೋಗಲ್ಲ," ಎಂದು ಅವಳು ಕಂಬ ಹಿಡಿದುಕೊಂಡು ನಿಂತಳು.

"ಹೋಗ್ತೀಯ. ಚಿಕ್ಕಮ್ಮ ಇದ್ದಾಳೆ. ಅವಳು ನಿನ್ನ ಸುತ್ತ ಬಟ್ಟೆ ಹಿಡೀತಾಳೆ."

"ನೀನು?"

"ಅಜ್ಜೀನ ಬಿಟ್ಟು ಬರೋಕಾಗುತ್ತೇನೇ?"

ನಾನು ಅತ್ತೆಯನ್ನು ಬೇಡಿಕೊಂಡೆ. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ನಾನು ಅಕ್ಕನ ಮೇಲೆ ರೇಗಿದೆ. "ಬಲವಂತವಾಗಿ ಎತ್ತಿ ಹಾಕೋಣ ಅಕ್ಕಾ, ಬಸ್ಸಿನವರು ಕೈ ಕೊಡ್ತಾರೆ," ಎಂದೆ. ಅಕ್ಕ ನನ್ನನ್ನು ಹಿತ್ತಿಲಿಗೆ ಎಳೆದುಕೊಂಡು ಹೋಗಿ, ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದಳು: "ಹೋದ್ಸಲ ಆಮೇಲೆ ಅವರು ಅನ್ನ ಬಿಟ್ಟಿದ್ದು ನೀನೂ ನೋಡಿದ್ದೀಯ. ಇನ್ನೊಂದ್ಸಲ ಹಾಗಾದ್ರೆ ಗಾಳಿ ಕೊಲ್ಲೋದು ಬೇಡ, ಅವರೇ ಹೋಗ್ಬಿಡ್ತಾರೆ. ಅಟ್ಟ ಗಟ್ಟಿ ಇದೆ, ನಾನು ನೋಡ್ಕೋತೀನಿ. ನೀನು ಮಗೂನ ಕರ್ಕೊಂಡು ಹೋಗು." ಆಮೇಲೆ ಬಸ್ಸಿನವರೆಗೆ ಬಂದು, ಪುಟ್ಟಿಯನ್ನು ನೂಕಿ ಹತ್ತಿಸಿ, ಡ್ರೈವರಿಗೆ ನಿಧಾನ ಓಡಿಸಪ್ಪಾ ಎಂದು ತನ್ನ ಮಾಮೂಲಿ ಕಂಠದಲ್ಲಿ ಕೂಗಿದಳು. ಹಠ ಮತ್ತು ನಿರ್ಲಕ್ಷ್ಯ ಎಂದು ತಾವು ಕರೆದದ್ದು ಇದನ್ನು.

ಇನ್ನು ನಿಮ್ಮ ಕಟ್ಟಡಕ್ಕೆ ಬರೋಣ. ಹೊಸ ಬಣ್ಣ ಹೊಡೆಸಿದ್ದಿರಿ, ಚೆನ್ನಾಗಿತ್ತು. ಶೌಚಾಲಯಕ್ಕೆ ಬಾಗಿಲೂ ಬಂದಿತ್ತು. ಅದನ್ನು ಕಂಡು ಪುಟ್ಟಿಯ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಹತ್ತಿರ ಹೋದರೆ ಬಾಗಿಲಿಗೆ ಅಂಗೈಯಗಲದ ಬೀಗ, ಮೇಲೊಂದು ಬೋರ್ಡು: "ಅಧಿಕಾರಿಗಳ ಉಪಯೋಗಕ್ಕೆ ಮಾತ್ರ." ಕಟ್ಟಡದಲ್ಲಿ ಅಧಿಕಾರಿ ಎನ್ನುವ ಪ್ರಾಣಿ ಒಂದೂ ಇರಲಿಲ್ಲ. ಕಾವಲುಗಾರ ಇದ್ದ. ಕೀ ಎಲ್ಲಪ್ಪಾ ಎಂದರೆ, "ಕಚೇರೀಲಿದೆ ಅಕ್ಕ. ಸಾಮಾನು ಕಳುವಾಗುತ್ತೆ ಅಂತ ಸಾಹೇಬ್ರು ತರಿಸ್ಕೊಂಡಿದ್ದಾರೆ," ಎಂದ. ಪಾಪ, ಅವನ ಹೆಂಡತಿಯೂ ನಮ್ಮ ಸಾಲಿನಲ್ಲೇ ನಿಂತಿದ್ದಳು.

ಸಂಜೆಯವರೆಗೆ ಕಾದೆವು. ಪುಟ್ಟಿ ಕೂತಲ್ಲಿಂದ ಏಳಲೊಲ್ಲಳು. ಅವಳ ಬಟ್ಟೆಯ ಮೇಲೆ ಕಲೆಯಾಗಿತ್ತು. ತಲೆಯನ್ನು ಮೊಣಕಾಲಿಗೆ ಒತ್ತಿಕೊಂಡು ಕಲ್ಲಿನ ಹಾಗೆ ಕೂತಿದ್ದಳು. ನಾನು ಕೆಳಗಿಳಿದು, ಹೊರಬಾಗಿಲು ನೆರೆಯಲ್ಲಿ ಕೊಚ್ಚಿಹೋಗದಂತೆ ಒತ್ತು ಇಟ್ಟಿದ್ದ ಕಬ್ಬಿಣದ ಸಲಾಕೆ ಎತ್ತಿಕೊಂಡು ಬಂದೆ. ಕಾವಲುಗಾರ ಕಿಟಕಿಯ ಕಡೆ ತಿರುಗಿ ಮಳೆ ನೋಡುತ್ತ ನಿಂತ. ಅವನನ್ನು ಇದರಲ್ಲಿ ಸಿಕ್ಕಿಸಬೇಡಿ, ಅವನು ಏನನ್ನೂ ನೋಡಲಿಲ್ಲ. ಬೀಗ ಗಟ್ಟಿಮುಟ್ಟಾಗಿತ್ತು, ಗುತ್ತಿಗೆದಾರನನ್ನು ಅಭಿನಂದಿಸಬೇಕು. ಚೌಕಟ್ಟು ಸೀಳಿತೇ ಹೊರತು ಬೀಗ ಬಿಡಲಿಲ್ಲ. ನಾನು ಮೂರು ಹೊತ್ತೂ ಹೊಲಿಗೆ ಯಂತ್ರ ತುಳಿಯುವವಳು, ಕಾಲಿನಲ್ಲಿ ಬಲವಿದೆ. ಕೊನೆಗೆ ಕಾಲೆತ್ತಿ ಒದ್ದೆ, ಬೀಗ ಕಿತ್ತುಬಂತು.

ಒಳಗೆ ಏನಿತ್ತೆಂದು ತಮಗೆ ಗೊತ್ತು. ಕುರ್ಚಿಗಳು ಮತ್ತು ಫ್ಲೆಕ್ಸ್ ಬ್ಯಾನರುಗಳು. "ನಿಮ್ಮ ಸುರಕ್ಷತೆಯೇ ನಮ್ಮ ಹೊಣೆ" ಎಂಬ ಮಾತಿನ ಪಕ್ಕ ಕೈಮುಗಿದು ನಗುತ್ತಿರುವ ತಮ್ಮ ಚಿತ್ರ. ಕುರ್ಚಿಗಳನ್ನು ಮುದುಕರಿಗೆ ಕೊಟ್ಟೆವು. ಬ್ಯಾನರುಗಳನ್ನು ನಾನು ಹೊಲಿಗೆಯವಳ ಕೈಯಿಂದ ಒಂದಕ್ಕೊಂದು ಸೇರಿಸಿ, ಹಾಲಿನ ಅರ್ಧಕ್ಕೆ ಹಗ್ಗ ಕಟ್ಟಿ ಪರದೆ ಮಾಡಿದೆ. ತಮ್ಮ ಮುಖ ಗಂಡಸರ ಕಡೆಗೆ ಇರುವಂತೆ ನೋಡಿಕೊಂಡೆ. ಆ ಮಟ್ಟಿಗೆ ಮರ್ಯಾದೆ ನಮಗೂ ಗೊತ್ತು. ತಾರಸಿಯ ನೀರು ಬೀಳುವ ಕೊಳವೆಗೆ ಬಕೆಟ್ಟು ಹಿಡಿದೆವು, ಬೇಕಾದಷ್ಟು ನೀರು. ಹೆಂಗಸರು ಧೈರ್ಯವಾಗಿ ನೀರು ಕುಡಿದರು. ಪುಟ್ಟಿ ಬಟ್ಟೆ ಬದಲಾಯಿಸಿ ಬಂದು ನನ್ನ ಕಿವಿಯಲ್ಲಿ, "ಚಿಕ್ಕಮ್ಮ, ಅಮ್ಮಂಗೆ ಫೋನ್ ಮಾಡು. ಇಲ್ಲಿ ಬಾಗಿಲಿದೆ ಅಂತ ಹೇಳು, ಅಜ್ಜೀನ ಕರ್ಕೊಂಡು ಬರ್ಲಿ," ಎಂದಳು. ಮಾಡಿದೆ. ಮತ್ತೆ ಮಾಡಿದೆ. ಅಷ್ಟರಲ್ಲಿ ಮೊಬೈಲ್ ಗೋಪುರಗಳು ಬಿದ್ದಿದ್ದವು, ಫೋನು ಸತ್ತಿತ್ತು, ರಸ್ತೆಯ ಮೇಲೆ ನೀರು ಹರಿಯುತ್ತಿತ್ತು. ಬಾಗಿಲಿದೆ ಎನ್ನುವ ಸುದ್ದಿ ಅಕ್ಕನಿಗೆ ಮುಟ್ಟಲೇ ಇಲ್ಲ.

ಬೆಳಿಗ್ಗೆ ಸಮುದ್ರ ಓಣಿಗೆ ನುಗ್ಗಿತು. ಆಮೇಲಿನದು ಅತ್ತೆ ಹೇಳಿದ್ದು. ಅಕ್ಕ ಮೀನಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು, ಮೇಲೆ ಹತ್ತಿ, ಅತ್ತೆಯನ್ನು ಅಟ್ಟಕ್ಕೆ ದಾಟಿಸಿದಳು. "ನೀನೂ ಹತ್ತೇ ಅಂದೆ. ಬಂದೆ ಅತ್ತೆ, ನೀವು ತೊಲೆ ಗಟ್ಟಿಯಾಗಿ ಹಿಡ್ಕೊಳ್ಳಿ ಅಂದ್ಲು. ಆಮೇಲೆ ಗೋಡೆ ಬಿತ್ತು." ಅಷ್ಟೇ. ಅಕ್ಕ ಸಿಕ್ಕಿದ್ದು ಐಸ್ ಕಾರ್ಖಾನೆಯ ಹಿಂದೆ. ಮುಖ ನೋಡಿ ಗುರುತಿಸುವ ಹಾಗಿರಲಿಲ್ಲ. ಬುಟ್ಟಿ ಹೊತ್ತೂ ಹೊತ್ತೂ ಅವಳ ಭುಜ ಅಗಲ. ಕೈ ಎತ್ತಿದರೆ ಹರಿಯದಿರಲೆಂದು ಅವಳ ರವಿಕೆಯ ಕಂಕುಳಿಗೆ ನಾನು ಯಾವಾಗಲೂ ಒಂದು ಚೌಕದ ತುಂಡು ಸೇರಿಸಿ ಹೊಲಿಯುತ್ತಿದ್ದೆ. ಆ ಹೊಲಿಗೆ ಬಿಟ್ಟಿರಲಿಲ್ಲ.

ಅತ್ತೆಯನ್ನು ಅಟ್ಟದ ತೊಲೆಯಿಂದ ಬಿಡಿಸಿ ಇಳಿಸಿದಾಗ ತಾವು ಕ್ಯಾಮೆರಾದವರೊಂದಿಗೆ ಬಂದಿರಿ. ಪವಾಡ ಎಂದಿರಿ. ಅವರ ಕೈ ಹಿಡಿದು ಬಾಗಿದಿರಿ, ಅವರು ತಮ್ಮ ಕಿವಿಯಲ್ಲಿ ಏನೋ ಹೇಳಿದರು. "ಅಜ್ಜಿ ನನಗೆ ಆಶೀರ್ವಾದ ಮಾಡಿದರು" ಎಂದು ಆ ಸಂಜೆ ಟಿವಿಯಲ್ಲಿ ಹೇಳಿದಿರಿ. ಮಾನ್ಯರೇ, ನಾನು ಪಕ್ಕದಲ್ಲೇ ಇದ್ದೆ. ಅತ್ತೆ ಹೇಳಿದ್ದು, "ಮೂತ್ರಕ್ಕೆ ಹೋಗ್ಬೇಕಪ್ಪ, ಸ್ವಲ್ಪ ಇವರನ್ನೆಲ್ಲ ಆ ಕಡೆ ಕಳ್ಸು" ಎಂದು. ತಾವು ಅವರ ತಲೆ ನೇವರಿಸಿದಿರಿ. ಕ್ಯಾಮೆರಾ ಹಾಗೇ ಓಡುತ್ತಿತ್ತು.

ನಮ್ಮ ಓಣಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಹೆಂಗಸರು ಎಂಬುದು ತಮ್ಮ ಗಮನಕ್ಕೆ ಬಂದಿದೆಯೆ? ಗಾಳಿಗೆ ಗಂಡು ಹೆಣ್ಣೆಂಬ ಭೇದವಿದೆಯೆ? ಒಬ್ಬಳು ಎದೆಹಾಲಿನ ಮಗುವಿನ ತಾಯಿ, ಒಬ್ಬಳು ತುಂಬಿದ ಬಸುರಿ. ಇವರೆಲ್ಲರಿಗೂ ಒಂದೇ ಹೊತ್ತಿಗೆ ಹಠ ಹಿಡಿಯಿತೆ? ಗಾಳಿ ಎಲ್ಲಿಗೆ ಬರುತ್ತದೆಂದು ಆಕಾಶದಿಂದ ನೋಡಿ ಹೇಳುವ ನಿಮಗೆ, ಓಡಿ ಬಂದ ಹೆಂಗಸು ಎಲ್ಲಿ ಕೂರುತ್ತಾಳೆಂದು ಯೋಚಿಸಲು ಒಂದು ಸಭೆ, ಒಂದು ನಗು, ಒಂದು "ಪರಿಶೀಲಿಸೋಣ" ಸಾಕಾಯಿತೆ?

ಆದ್ದರಿಂದ ನೋಟಿಸಿಗೆ ನನ್ನ ಉತ್ತರ ಹೀಗಿದೆ: ಹೌದು, ಬೀಗ ಒಡೆದದ್ದು ನಾನೇ. ಚೌಕಟ್ಟು ಸೀಳಿದ್ದೂ ನಾನೇ, ಬ್ಯಾನರು ಹೊಲಿದದ್ದೂ ನಾನೇ. ಯಾರೂ ಪ್ರಚೋದಿಸಲಿಲ್ಲ. ಪಶ್ಚಾತ್ತಾಪ ಒಂದೇ, ಸಂಜೆಯವರೆಗೆ ಕಾದದ್ದು. ಬಸ್ಸು ಇಳಿದ ಕೂಡಲೇ ಒದೆಯಬೇಕಿತ್ತು, ಆಗ ಫೋನು ಇನ್ನೂ ಜೀವಂತವಿತ್ತು.

ನನ್ನ ಕೇಳಿಕೆಯೂ ದೊಡ್ಡದಲ್ಲ. "ನಿರ್ಲಕ್ಷ್ಯ" ಎಂಬ ಮಾತನ್ನು ಅದೇ ಪತ್ರಕರ್ತರನ್ನು ಕರೆದು ಹಿಂದಕ್ಕೆ ತೆಗೆದುಕೊಳ್ಳಿ. ಅಕ್ಕ ಶಾಲೆಯಲ್ಲಿ ಕೇಳಿದ್ದನ್ನು ಈ ಕರಾವಳಿಯ ಪ್ರತಿಯೊಂದು ಆಶ್ರಯ ಕಟ್ಟಡದಲ್ಲೂ ಮಾಡಿಸಿ, ನಡೆಯಲಾರದ ಮುದುಕರನ್ನು ಕೆಳಗಿಂದ ಎತ್ತಿಕೊಂಡು ಹೋಗಲು ಆಳುಗಳನ್ನಿಡಿ. ಮುಂದಿನ ಗಾಳಿಯ ಕಾಲ ದೂರವಿಲ್ಲ. ನಿನ್ನೆ ಪುಟ್ಟಿ ನನ್ನ ಅಂಗಡಿಯಲ್ಲಿ ಗುಂಡಿ ಹಚ್ಚುತ್ತ ಕೂತಿದ್ದವಳು ತಲೆಯೆತ್ತದೆ ಕೇಳಿದಳು: "ಚಿಕ್ಕಮ್ಮ, ಮುಂದಿನ್ಸಲ ಬಸ್ಸು ಬಂದ್ರೆ ಅಜ್ಜೀನ ಏನ್ಮಾಡೋದು?"

ನನಗೆ ಗೊತ್ತಿಲ್ಲ ಎಂದೆ. ಆ ಪ್ರಶ್ನೆಯನ್ನು ತಮ್ಮ ಕಚೇರಿಗೆ ವರ್ಗಾಯಿಸುತ್ತಿದ್ದೇನೆ. ಲಿಖಿತ ಉತ್ತರ ಬೇಕಿಲ್ಲ. ಬಂದು ಅವಳ ಮುಂದೆ ಕೂತು ಹೇಳಿ.

ಇಂತಿ,
ತಮ್ಮ ಮಾತು ಕೇಳಿ ಬಸ್ಸು ಹತ್ತಿದ್ದರಿಂದ ಬದುಕಿಯೂ,
ಬದುಕಿದ್ದರಿಂದ ಆರೋಪಿಯೂ ಆದ,
ಬಂದರು ಓಣಿಯ ಹೊಲಿಗೆಯವಳು