ನಿಂತವರ ಅವರೆಕಾಳು

ಹಲಸೂರು, ಮಂಗಳವಾರ

ತಂಗೀ,

ಫೋನಿನಲ್ಲಿ ನೀನು ನನಗೆ ಬಾಯಿ ಬಿಡಲು ಬಿಡುವುದಿಲ್ಲ, ಅದಕ್ಕೇ ಈ ಕಾರ್ಡು. ನಿನ್ನ ಮಗಳು ಧನುಶ್ರೀ ಸೋಮವಾರದಿಂದ ದಿನಾ ಮಾಲೂರಿನಿಂದ ಕಂಟೋನ್ಮೆಂಟಿಗೆ ಕೆಲಸಕ್ಕೆ ಓಡಾಡಬಲ್ಲಳೇ ಅಂತ ನಿಮ್ಮಲ್ಲಿಂದ ವಾಪಸ್ಸು ಬರುವಾಗ ಬೆಳಗಿನ ರೈಲು ಹತ್ತಿ ನೋಡಿದೆ. ಕಾಲಿಡಲು ಜಾಗವಿಲ್ಲ. ಬೇಡವೇ ಬೇಡ ಅಂತ ಬರೆಯುವವಳಿದ್ದೆ.

ಹೆಂಗಸರ ಬೋಗಿಯಲ್ಲಿ ಒಬ್ಬಳು ಎದ್ದು ಸೀಟು ಕೊಟ್ಟು, ನೆನೆಸಿದ ಅವರೆಕಾಳಿನ ಡಬ್ಬಿಯನ್ನು ನನ್ನ ಮಡಿಲಿಗಿಟ್ಟಳು. "ಕೂತವರು ನಿಂತವರ ಕಾಳು ಹಿದುಕ್ಬೇಕು ಅಜ್ಜಿ, ಇಲ್ಲಿ ಹಂಗೇನೆ."

"ನಾನೇನು ನಿಮ್ಮನೆ ಆಳಾ?" ಅಂದೆ. ಎಲ್ಲರೂ ನಕ್ಕರು. ಹಿದುಕಿದೆ. ಕಿಟಕಿಯಾಚೆ ಬರೀ ಮಂಜು, ಒಳಗೆ ಅವರೆಯ ಸೊಗಡು, ಸುತ್ತ ಹತ್ತಾರು ಕೈಗಳು ಮಾತಿಲ್ಲದೆ ಕಾಳು ಹಿದುಕುತ್ತಿದ್ದವು. ರೈಲು ತೊಟ್ಟಿಲಾಯಿತು. ಯಾರದೋ ಹೆಗಲ ಮೇಲೆ ನಿದ್ದೆ ಹೋಗಿದ್ದೆ, ಕಂಟೋನ್ಮೆಂಟಿನಲ್ಲಿ ಅವರೇ ಎಬ್ಬಿಸಿದರು. ಡಬ್ಬಿಯವಳು ಕೆ.ಆರ್. ಪುರದಲ್ಲೇ ಇಳಿದಿದ್ದಳಂತೆ. ಅಜ್ಜಿಯ ನಿದ್ದೆ ಕೆಡಿಸಬೇಡಿ ಅಂತ ಡಬ್ಬಿಯನ್ನು ನನ್ನ ಮಡಿಲಲ್ಲೇ ಬಿಟ್ಟು ಹೋಗಿದ್ದಾಳೆ.

ಮಂಡಿನೋವು ಈಗ ವಾಸಿ. ಆ ಕಾಳು ಇಲ್ಲಿ ಸಾರಾಯಿತು. ಡಬ್ಬಿಯ ಮೇಲೆ ಮುನಿರತ್ನಮ್ಮ ಅಂತ ಹೆಸರು ಕೊರೆದಿದೆ, ಭಾನುವಾರ ತರುತ್ತೇನೆ. ಬರಿ ಡಬ್ಬಿ ವಾಪಸ್ಸು ಕೊಡಬಾರದು. ಕಾಳು ನೆನೆಹಾಕಿಡು, ಸೋಮವಾರ ಧನುಶ್ರೀ ಕೊಂಡೊಯ್ಯಲಿ.

ನಿನ್ನ ಅಕ್ಕ
ಪಿಳ್ಳಮ್ಮ