ಮುಷ್ಟಿಯಲ್ಲಿ ಹಿಡಿದ ಗಂಟೆ

ರೋಸ್‌ನೈಗರ್, ಆಂಗ್ಲ್‌ಸಿ ದ್ವೀಪ
ಸೋಮವಾರ, 14 ಅಕ್ಟೋಬರ್ 1974

ಪ್ರೀತಿಯ ತಾತಾ,

ಹನ್ನೊಂದು ಪೌಂಡು ತಾತಾ, ಹನ್ನೊಂದು ಪೌಂಡಿನ ಬಾಸ್ ಮೀನು, ದೋಣಿಯಿಲ್ಲ ಬಲೆಯಿಲ್ಲ, ಬರೀ ಗಾಳಕ್ಕೆ, ನಮ್ಮ ಅಗಲವಾದ ಸಮುದ್ರದಂಡೆಯಲ್ಲೇ, ನಿನ್ನ ಮೊಮ್ಮಗಳ ಕೈಯಿಂದ ದಡಕ್ಕೆ ಬಂತು! ಅತ್ತೆಯ ಅಡುಗೆಮನೆಯ ತಕ್ಕಡಿಗೆ ಬಾಲ ಹಿಡಿಸಲಿಲ್ಲ, ಮಡಚಿ ತೂಗಬೇಕಾಯಿತು. ನೀನು ಇದ್ದಿದ್ದರೆ ಟೋಪಿ ತೆಗೆದು ಹಾರಿಸಿಬಿಡುತ್ತಿದ್ದೆ, ನನಗೆ ಗೊತ್ತು.

ನೋಡು, ನಿನ್ನ ಆರೋಗ್ಯ ಕೇಳುವ ಮೊದಲೇ ಮೀನಿನ ಪುರಾಣ ಶುರುಮಾಡಿದೆ. ಆಪರೇಷನ್ ಆದ ಕಣ್ಣು ಹೇಗಿದೆ? ಎರಡು ಕಣ್ಣಿಗೂ ಇನ್ನೂ ಪಟ್ಟಿ ಇದೆ, ಬುಧವಾರದವರೆಗೆ ಬಿಚ್ಚುವುದಿಲ್ಲ ಎಂದು ಡಿಲಿಸ್ ಚಿಕ್ಕಮ್ಮ ಬರೆದಿದ್ದಳು. ಕೆರೆದುಕೊಳ್ಳಲು ಕೈ ಹೋಗುತ್ತಿದೆಯಂತೆ, ರಾತ್ರಿ ಉಣ್ಣೆಯ ಕೈಗವಸು ಹಾಕಿ ಮಲಗಿಸುತ್ತಿದ್ದಾಳಂತೆ. ಕೇಳಿ ನಗು ಬಂತು, ಆಮೇಲೆ ಅಳುವೂ ಬಂತು. ಚಿಕ್ಕಮ್ಮಾ, ಈ ಕಾಗದ ನೀನೇ ಓದಿ ಹೇಳುತ್ತಿದ್ದೀಯೆಂದು ಗೊತ್ತು. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನ್ನ ವೆಲ್ಷ್ ಬರವಣಿಗೆಯಲ್ಲಿ ಏನಾದರೂ ತಪ್ಪಿದ್ದರೆ ಓದುವಾಗಲೇ ತಿದ್ದಿಕೋ, ಆದರೆ ಸಾಲು ಹಾರಿಸಬೇಡ. ನಾನು ಒಳ್ಳೆಯವಳಾಗಿ ಕಾಣದ ಸಾಲು ಬಂದರೂ ಹಾರಿಸಬೇಡ. ಅಂಥವು ಬರುತ್ತವೆ.

ಮದುವೆಯಾಗಿ ಐದು ವಾರವಾಯಿತು ತಾತಾ, ನಾನು ಇನ್ನೂ ದಿನಕ್ಕೆ ಹತ್ತು ಸಲ ಉಂಗುರ ತಿರುಗಿಸಿ ನೋಡಿಕೊಳ್ಳುತ್ತೇನೆ. ಗೆಥಿನ್ ಎಷ್ಟು ಒಳ್ಳೆಯವನೆಂದರೆ ಬೆಳಗ್ಗೆ ಟೀ ಮಾಡಿ ಹಾಸಿಗೆಗೇ ತರುತ್ತಾನೆ, ಅವನ ಅಮ್ಮ ಮೆಟ್ಟಿಲ ಮೇಲೆ ಕಪ್ಪಿನ ಸದ್ದು ಕೇಳಿ ಕೆಮ್ಮುತ್ತಾಳೆ. ಕೆಟ್ಟವಳಲ್ಲ, ಆದರೆ ಅವರದು ದೋಣಿಯವರ ಮನೆ. ಮಾವ ಮೂವತ್ತು ವರ್ಷ ಏಡಿ ಹಿಡಿದವರು. ಮರಳಿನ ಮೇಲೆ ನಿಂತು ಗಾಳ ಎಸೆಯುವವರನ್ನು ಕಂಡರೆ ಅವರಿಗೆ ನಗೆ. ಕಳೆದ ತಿಂಗಳ ಕೊನೆಯಲ್ಲಿ ಒಂದು ದಿನ ಊಟಕ್ಕೆ ಕೂತಾಗ ಮಾವ ಹೇಳಿದರು, “ದಡದಲ್ಲಿ ಹಿಡಿಯೋ ಮೀನು ಬೆಕ್ಕಿಗಾಯ್ತು, ಬೆಕ್ಕಿನ ಮರಿಗೆ ಸಾಲಲ್ಲ.” ಅತ್ತೆ ಅದಕ್ಕೆ ಒಗ್ಗರಣೆ ಹಾಕಿದಳು, “ಇವಳು ಇಂಗ್ಲಿಷ್ ಶಾಲೆಯಲ್ಲಿ ಓದಿದೋಳು, ಹುಳ ಮುಟ್ಟಿದ್ರೆ ಕೈ ತೊಳೆಯೋಕೆ ಸೋಪು ಸಾಲುತ್ತಾ?” ಎಲ್ಲರೂ ನಕ್ಕರು, ಗೆಥಿನ್ ಕೂಡ ಸ್ವಲ್ಪ. ನನಗೆ ಎಲ್ಲಿಂದ ಬಂತೋ, “ಮುಂದಿನ ಭಾನುವಾರ ಪಾದ್ರಿಗಳು ಊಟಕ್ಕೆ ಬರ್ತಾರಲ್ಲ, ಎಂಟು ಜನಕ್ಕೂ ಮೀನು ನಂದು. ನೀವು ಆಲೂಗಡ್ಡೆ ಬೇಯಿಸಿದ್ರೆ ಸಾಕು!” ಎಂದುಬಿಟ್ಟೆ. ನಿನ್ನ ಬಾಯಿಯೇ ನನಗೂ ಬಂದಿದೆ.

ಹಾಗೆ ಹತ್ತು ದಿನದ ಹಿಂದೆ, ಶುಕ್ರವಾರ ಸಂಜೆ, ನೆಸ್ಟಾ ಅಂಚೆ ಕಚೇರಿಯ ಕಿಟಕಿ ಮುಚ್ಚಿ ಸೈಕಲ್ ಹತ್ತಿ ಬಂದಳು. ನಾವಿಬ್ಬರೂ ಒಂಬತ್ತು ವರ್ಷದವರಿದ್ದಾಗಿನಿಂದ ಹೇಗೆ ಹೋಗುತ್ತಿದ್ದೆವೋ ಹಾಗೇ. ಮದುವೆಯಾದ ಮೇಲೆ ಇದೇ ಮೊದಲ ರಾತ್ರಿ. ನೀರು ಇಳಿದಾಗ ಮರಳಹುಳು ಅಗೆದೆವು, ನೀನು ಕಲಿಸಿದಂತೆ, ಹುಳು ಮರಳ ಮೇಲೆ ಬಿಟ್ಟ ಸುರುಳಿಯ ಪಕ್ಕದಲ್ಲಿ ಸಲಿಕೆ ಹಾಕಿ. ನಿನ್ನ ಲಾಟೀನು ಈ ತಿಂಗಳು ಅವಳ ಪಾಳಿಯಲ್ಲಿತ್ತು, ಅವಳೇ ತಂದಳು. ಅವಳದೊಂದು ನನ್ನದೊಂದು ಗಾಳದ ಕೋಲು ನೆಟ್ಟು, ತುದಿಗೆ ನೀನು ಕುರಿಮರಿಯ ಕೊರಳಿಂದ ಬಿಚ್ಚಿಕೊಟ್ಟ ಪುಟ್ಟ ಗಂಟೆಗಳನ್ನು ಸಿಕ್ಕಿಸಿ, ಒಂದೇ ಕಂಬಳಿಯೊಳಗೆ ಕೂತೆವು. ಅವಳು ನನ್ನನ್ನು ಕಾಡಿದಳು ನೋಡು! “ಏನೇ ಮದುಮಗಳೇ, ಗಂಡನ್ನ ಬಿಟ್ಟು ಒಂದು ರಾತ್ರಿ ಇರ್ತೀಯಾ? ಹನ್ನೆರಡು ಗಂಟೆಗೆ ಓಡಿಹೋದ್ರೆ ನಿನ್ನ ಹುಳಾನೆಲ್ಲ ನಾನೇ ಇಟ್ಕೋತೀನಿ.” ನಾನು ಗೆಥಿನ್ ಪುರಾಣ ಹೇಳುತ್ತಲೇ ಇದ್ದೆ, ಅವಳು ಕೇಳುತ್ತಲೇ ಇದ್ದಳು. ಈಗ ನೆನೆಸಿದರೆ, ಅವಳ ಅಮ್ಮನ ಕಾಲುನೋವು ಹೇಗಿದೆ ಎಂದು ನಾನು ಒಂದು ಸಲವೂ ಕೇಳಲಿಲ್ಲ.

ನಡುರಾತ್ರಿಯಾದರೂ ಸಿಕ್ಕಿದ್ದು ನಾಲ್ಕೇ. ಎರಡು ಅಂಗೈಯಗಲದ ಚಪ್ಪಟೆ ಮೀನು, ಎರಡು ಸಣ್ಣ ಬಾಸ್. ಎಂಟು ಜನರ ಮುಖ ನನ್ನ ಕಣ್ಣ ಮುಂದೆ ಸಾಲಾಗಿ ಕೂತಿತ್ತು. ಎರಡು ಗಂಟೆಗೆ ನೆಸ್ಟಾಳ ಮಲಗುವ ಪಾಳಿ ಬಂತು. “ಎರಡೂ ಕೋಲು ನೋಡ್ಕೋ ಕಣೇ, ಗಂಟೆ ಅಲ್ಲಾಡಿದ್ರೆ ಒದ್ದು ಎಬ್ಬಿಸು” ಎಂದು ಕೋಟಿನೊಳಗೆ ತಲೆ ಎಳೆದುಕೊಂಡಳು. ಎರಡು ನಿಮಿಷಕ್ಕೆ ಗೊರಕೆ. ಮೂರರ ಹೊತ್ತಿಗೆ ಗಂಟೆ ಒಂದು ಸಲ ಕಿಣಿ ಎಂದಿತು. ಎರಡನೆಯ ಸಲ ಎನ್ನುವಷ್ಟರಲ್ಲಿ ನಾನು ಅದನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡೆ. ಪಾಪ, ದಿನವಿಡೀ ನಿಂತು ಕೆಲಸ ಮಾಡಿದವಳು, ಮಲಗಲಿ ಎಂದು ನನಗೆ ನಾನೇ ಹೇಳಿಕೊಂಡೆ. ಕೋಲು ನೆಲಕ್ಕೆ ಬಾಗಿತ್ತು. ಮೊಣಕಾಲುದ್ದ ನೀರಿಗೆ ಇಳಿದು, ಅಲೆ ಬಂದಾಗ ಎಳೆದು ಅಲೆ ಹೋದಾಗ ಬಿಟ್ಟು, ನೀನು ಹೇಳಿಕೊಟ್ಟಂತೆ ಒಂದು ಮಾತೂ ಆಡದೆ, ಅರ್ಧ ಗಂಟೆಯಲ್ಲಿ ಅದನ್ನು ಮರಳಿಗೆ ತಂದೆ. ಬೆಳದಿಂಗಳಲ್ಲಿ ಅದರ ಮೈ ಹೊಸ ತಗಡಿನಂತಿತ್ತು. ಅಷ್ಟು ಚೆಲುವಾದ ಮೀನನ್ನು ನಾನು ನೋಡಿಯೇ ಇಲ್ಲ ತಾತಾ.

ಈಗ ಚಿಕ್ಕಮ್ಮಾ, ಸ್ವಲ್ಪ ಮೆಲ್ಲಗೆ ಓದು.

ಅವಳನ್ನು ನಾನು ಎಬ್ಬಿಸಲಿಲ್ಲ. ಬೆಳಗಾದರೆ ಹಂಚಬೇಕು, ಜೊತೆಯಿಲ್ಲದ ಒಂಟಿ ಮೀನನ್ನು ನಡುವೆ ಕತ್ತರಿಸಿ ತಲೆಯ ಭಾಗ ಒಂದು ಗುಡ್ಡೆಗೆ, ಬಾಲದ ಭಾಗ ಇನ್ನೊಂದಕ್ಕೆ. ಯಾರ ಗಾಳಕ್ಕೆ ಬಂತು ಎಂದು ಕೇಳುವಂತಿಲ್ಲ. ಇದು ನೀನು ನಮಗೆ ಹಾಕಿಕೊಟ್ಟ ಕಟ್ಟಳೆ, ನಾವು ಎಂದೂ ಮೀರಿದ್ದಿಲ್ಲ. ಆದರೆ ಆ ಹೊತ್ತಿನಲ್ಲಿ ನನಗೆ ಕಂಡದ್ದು ಒಂದೇ, ಅರ್ಧ ಮೀನು ಹೊತ್ತುಕೊಂಡು ಅತ್ತೆಯ ಅಡುಗೆಮನೆಗೆ ಹೋಗುವ ನಾನು. ಬಾಲ ಸಿಕ್ಕಿದರೆ ನಗುತ್ತಾರೆ, ತಲೆ ಸಿಕ್ಕಿದರೆ ಇನ್ನೂ ನಗುತ್ತಾರೆ. ದಿಬ್ಬದ ಬುಡದಲ್ಲಿ ಒದ್ದೆ ಪಾಚಿಯ ರಾಶಿಯಿತ್ತು. ಅದನ್ನು ಅಗೆದು ಮೀನನ್ನು ಒಳಗಿಟ್ಟು ಮುಚ್ಚಿದೆ. ಬಂದು ಕಂಬಳಿಯಲ್ಲಿ ಕೂತೆ.

ಬೆಳಕು ಹರಿದ ಮೇಲೆ ನಾಲ್ಕು ಮೀನನ್ನು ಎರಡು ಗುಡ್ಡೆ ಮಾಡಿದೆ. ಯಾವ ಗುಡ್ಡೆ ಯಾರಿಗೆಂದು ನೋಡದೆ ಹೇಳಲು ನೆಸ್ಟಾ ಸಮುದ್ರಕ್ಕೆ ಬೆನ್ನು ಹಾಕಿ ನಿಂತಳು. ಬೆನ್ನು ಹಾಕಿದ್ದು ಸಾಲದೆಂದು, ಚಿಕ್ಕವಳಿದ್ದಾಗ ಮಾಡುತ್ತಿದ್ದಂತೆ, ಎರಡು ಕೈಯಲ್ಲೂ ಕಣ್ಣು ಮುಚ್ಚಿಕೊಂಡಳು. ಅವಳು ಮುಖ ಮಾಡಿದ್ದ ಕಡೆಗೇ, ಹತ್ತು ಹೆಜ್ಜೆಯಾಚೆ, ಪಾಚಿಯ ರಾಶಿ. ನಾನು ದೊಡ್ಡ ಗುಡ್ಡೆಗೆ ಬೆರಳು ತೋರಿಸಿ “ಇದು ಯಾರಿಗೆ?” ಎಂದೆ. “ಮದುಮಗಳಿಗೆ!” ಎಂದಳು. ತಿರುಗಿ ನೋಡಿ ಅವಳ ಮುಖ ಚಿಕ್ಕದಾಯಿತು, ತನಗಾಗಿ ಅಲ್ಲ. “ಅಯ್ಯೋ, ಇಷ್ಟ್ರಲ್ಲಿ ಎಂಟು ಜನಕ್ಕೆ ಎಲ್ಲಿ ಸಾಲುತ್ತೆ? ನಂದೂ ತಗೊಂಡ್ಹೋಗೇ. ಅಮ್ಮಂಗೆ ಮೊಟ್ಟೆ ಬೇಯಿಸ್ತೀನಿ.” ಅದಕ್ಕೆ ನಾನು ಏನು ಮಾಡಿದೆ ಗೊತ್ತೇ? ದೊಡ್ಡ ಮನಸ್ಸಿನವಳಂತೆ ಅವಳ ಕೈ ಹಿಂದಕ್ಕೆ ತಳ್ಳಿ, “ಬೇಡ ಕಣೇ, ಹಂಚಿದ್ದು ಹಂಚಿದ್ದೇ” ಎಂದೆ. ನಿನ್ನ ಮಾತು, ನಿನ್ನದೇ ದನಿಯಲ್ಲಿ. ಅವಳು ನನ್ನನ್ನು ತಬ್ಬಿಕೊಂಡಳು. ಅರ್ಧ ದಾರಿ ಅವಳ ಜೊತೆಗೆ ಹೋಗಿ, ಫ್ಲಾಸ್ಕು ಮರೆತೆ ಎಂದು ಸುಳ್ಳು ಹೇಳಿ, ನಾನು ತಿರುಗಿ ದಂಡೆಗೆ ಬಂದೆ.

ಭಾನುವಾರದ ಊಟ ಹೇಗಿತ್ತೆಂದು ಕೇಳುತ್ತೀಯಾ? ಮಾವ ಮೀನಿನ ಕಿವಿರಿಗೆ ಬೆರಳು ಹಾಕಿ ಎತ್ತಿ ಹಿಡಿದು, “ಇನ್ನು ಮೇಲೆ ಈ ಬಾಯಿ ದಡದೋರನ್ನ ಆಡ್ಕೊಂಡ್ರೆ ಸುಟ್ಟು ಹೋಗ್ಲಿ” ಎಂದರು. ಅತ್ತೆ ನನಗೆ ತನ್ನ ಒಳ್ಳೆಯ ಏಪ್ರನ್ ಕಟ್ಟಿದಳು. ಪಾದ್ರಿಗಳು ಕೈ ಜೋಡಿಸಿ, ಈ ಮನೆಗೆ ಬಂದ ಸೊಸೆಯ ದುಡಿಯುವ ಕೈಗಳನ್ನು ಹರಸು ದೇವರೇ ಎಂದು ಬೇಡಿದರು. ನನ್ನ ಕೈಗಳು ಮೇಜಿನ ಕೆಳಗಿದ್ದವು. ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ನಾನು ನನ್ನ ತುಂಡನ್ನು ತಟ್ಟೆಯಂಚಿಗೆ ಸರಿಸಿ ಬರೀ ಆಲೂಗಡ್ಡೆ ತಿಂದೆ. ಹೊಸ ಸೊಸೆಗೆ ಸಂಕೋಚ ಎಂದು ಅತ್ತೆ ಮೆಚ್ಚಿಕೊಂಡಳು.

ಅಷ್ಟಕ್ಕೇ ಮುಗಿದಿದ್ದರೆ ನಾನು ಬಹುಶಃ ಮರೆತೂಬಿಡುತ್ತಿದ್ದೆ, ಅಂಥವಳು ನಾನು. ಮಂಗಳವಾರ ಗೆಥಿನ್ ಜೊತೆ ಅಂಚೆ ಕಚೇರಿಗೆ ಹೋಗಿದ್ದೆ. ಒಳಗೆ ಕಾಲಿಡುತ್ತಲೇ ಅವನು ಎರಡು ಕೈ ಅಗಲಿಸಿ, “ನೆಸ್ಟಾ, ಹೆಂಗಿತ್ತು ನಮ್ಮನೆಯೋಳ ಮೀನು? ಹನ್ನೊಂದು ಪೌಂಡು! ನೀನೂ ಅಲ್ಲೇ ಇದ್ಯಲ್ಲ!” ಎಂದ. ಪಿಂಚಣಿಗೆ ನಿಂತ ಮುದುಕರೆಲ್ಲ ತಿರುಗಿದರು. ನೆಸ್ಟಾ ಮುದ್ರೆ ಒತ್ತುತ್ತಿದ್ದವಳು ತಲೆಯೆತ್ತಿ ನನ್ನನ್ನು ನೋಡಿದಳು. ಬಹಳ ಹೊತ್ತೇನಲ್ಲ. “ಇದ್ದೆ ಇದ್ದೆ, ಲಾಟೀನು ಹಿಡ್ಕೊಂಡು ನಿಂತಿದ್ದೇ ನಾನು. ಭಾರಿ ಮೀನು” ಎಂದಳು. ಆಮೇಲೆ ಮುದ್ರೆ ಒತ್ತಿದಳು. ನನ್ನ ಗಂಡನ ಮುಂದೆ ನನ್ನ ಮಾನ ಉಳಿಸಲು, ಚಾಪೆಲ್ಲಿನಲ್ಲಿ ಮಕ್ಕಳಿಗೆ ಪಾಠ ಹೇಳುವ ಹುಡುಗಿ, ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ ತಾತಾ.

ಮೊನ್ನೆ ಶುಕ್ರವಾರ ನಾನು ಹುಳು ಅಗೆದುಕೊಂಡು ಕಾದೆ. ಅವಳು ಬರಲಿಲ್ಲ. ನೆಗಡಿಯಂತೆ. ಬೆಳಗ್ಗೆ ಹಾಲಿನವನ ಕೈಯಲ್ಲಿ ನಿನ್ನ ಲಾಟೀನು ಬಂತು, ಗಾಜು ಒರೆಸಿ, ಬತ್ತಿ ಕತ್ತರಿಸಿ, ಎಣ್ಣೆ ತುಂಬಿಸಿ. ಅವಳ ಪಾಳಿ ಮುಗಿಯಲು ಇನ್ನೂ ಎರಡು ವಾರದ ಮೇಲಿತ್ತು. ಅದನ್ನು ಮೇಜಿನ ಮೇಲಿಟ್ಟುಕೊಂಡು ಎರಡು ದಿನ ನೋಡಿದೆ. ಗೆಥಿನ್ ಯಾಕೆ ಅಳುತ್ತೀಯ ಎಂದು ಕೇಳಿದ. ಅವನಿಗೂ ನಿನ್ನೆ ರಾತ್ರಿ ಹೇಳಿದೆ. ನಗಲಿಲ್ಲ. “ಅಪ್ಪಂಗೆ ನಾನು ಹೇಳ್ಲಾ, ನೀನು ಹೇಳ್ತೀಯಾ?” ಎಂದಷ್ಟೇ ಕೇಳಿದ. ನಾನೇ ಹೇಳುತ್ತೇನೆ, ಆದರೆ ಮೊದಲು ನಿನಗೆ. ಮುರಿದದ್ದು ನಿನ್ನ ಕಟ್ಟಳೆಯನ್ನು. ಕಟ್ಟಳೆ ಮುರಿದವರು ಮತ್ತೆ ಆ ದಂಡೆಯಲ್ಲಿ ಕೋಲು ನೆಡಬಹುದೋ ಇಲ್ಲವೋ, ನೀನು ಎಂದೂ ಹೇಳಿರಲಿಲ್ಲ, ನಮ್ಮಲ್ಲಿ ಯಾರೂ ಮುರಿಯುತ್ತಾರೆಂದು ನಿನಗೆ ತೋಚಿರಲಿಕ್ಕಿಲ್ಲ. ನೀನು ಏನು ಹೇಳಿದರೂ ಕೇಳುತ್ತೇನೆ. ನೆಸ್ಟಾ ಇಲ್ಲದ ದಂಡೆ ನನಗೆ ಹೇಗೂ ಬೇಡ.

ಕೈಗವಸು ಬಿಚ್ಚಬೇಡ, ಕಣ್ಣು ಮುಟ್ಟಬೇಡ. ಚಿಕ್ಕಮ್ಮ ಕೊಟ್ಟ ಗಂಜಿ ಬೈದುಕೊಂಡಾದರೂ ಕುಡಿ. ಅವಳಿಗೂ ಅವಳ ಬೆಕ್ಕಿಗೂ ನನ್ನ ನೆನಪು ಹೇಳು. ಗೆಥಿನ್ ನಿನಗೆ ಕೈ ಮುಗಿದಿದ್ದಾನೆ, ನಾನು ನಿನ್ನ ಕೆನ್ನೆಗೆ ಎರಡು ಮುತ್ತು ಕೊಟ್ಟಿದ್ದೇನೆ, ನೀನು ಒರೆಸಿಕೊಳ್ಳುವುದಿಲ್ಲ ಎಂಬ ಆಸೆಯಿಂದ.

ನಿನ್ನ
ಮೈನಿರ್

ಮರೆತಿದ್ದು: ಮರೆತಿದ್ದಲ್ಲ, ಬರೆಯಲು ಆಗದೇ ಇದ್ದದ್ದು. ಅಂಚೆ ಕಚೇರಿಯ ಕಿಟಕಿಯ ಕಟ್ಟೆಯ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಚಿಕ್ಕಮ್ಮ ಕ್ಷಮಿಸಲಿ. ಮೇಲೆ ಕೋಲು ಬಾಗಿತ್ತು ಎಂದಷ್ಟೇ ಬರೆದಿದ್ದೇನೆ, ಯಾರ ಕೋಲು ಎಂದು ಬರೆಯಲಿಲ್ಲ. ನೆಸ್ಟಾಳದು ತಾತಾ. ಮೀನು ಬಂದದ್ದು ಅವಳ ಗಾಳಕ್ಕೆ. ನಾನು ಮುಷ್ಟಿಯಲ್ಲಿ ಹಿಡಿದದ್ದು ಅವಳ ಗಂಟೆ. ಬೆಳಗ್ಗೆ ಅವಳು ಕೋಲಿನ ತುದಿ ಸವರಿ ನೋಡಿ, “ಗಂಟೆ ಎಲ್ಲೋ ಬಿದ್ದೋಗಿದೆ, ತಾತ ಬೈತಾರೆ” ಎಂದು ಮರಳಲ್ಲಿ ಹುಡುಕಿದಳು. ನಾನೂ ಬಗ್ಗಿ ಹುಡುಕಿದೆ. ಅದು ಹತ್ತು ದಿನದಿಂದ ನನ್ನ ಕೋಟಿನ ಜೇಬಿನಲ್ಲಿದೆ, ಸದ್ದು ಮಾಡದಿರಲೆಂದು ಕರವಸ್ತ್ರ ಸುತ್ತಿದ್ದೆ. ಈಗ ಬಿಚ್ಚಿದ್ದೇನೆ. ನನ್ನ ಮುಂದೆ ಇಬ್ಬರಿದ್ದಾರೆ. ನನ್ನ ಸರದಿ ಬಂದಾಗ ಮೊದಲು ಗಂಟೆಯನ್ನು ಅವಳ ಮುಂದಿಟ್ಟು, ಇದನ್ನೆಲ್ಲ ನನ್ನ ಬಾಯಿಂದ ಹೇಳಿ, ಆಮೇಲೆ ಈ ಕಾಗದಕ್ಕೆ ಅಂಚೆಚೀಟಿ ಕೇಳುತ್ತೇನೆ. ನಿನ್ನ ಪಟ್ಟಿ ಬಿಚ್ಚುವ ದಿನ ನಾನು ಅಲ್ಲಿರಬೇಕು. ಬೆಳಗಿನ ರೈಲು ಇದೆ, ಆದರೆ ಬುಧವಾರ ಅಂಚೆ ಕಚೇರಿ ಮುಚ್ಚುವುದು ಒಂದು ಗಂಟೆಗೆ, ನೆಸ್ಟಾ ಜೊತೆಗೆ ಬರುವ ಮನಸ್ಸು ಮಾಡಿದರೂ ಅದಕ್ಕೆ ಮುಂಚೆ ಹೊರಡಲಾರಳು. ಹಾಗಾಗಿ ಬುಧವಾರ, ಮಧ್ಯಾಹ್ನ ಎರಡು ಹತ್ತರ ರೈಲಿಗೆ ಬರುತ್ತೇನೆ.