ಬಿಡದ ಉಸಿರು

೧೨ ಫೆಬ್ರವರಿ ೨೦೦೨, ಮಂಗಳವಾರ. ಹೊನ್ನಾವರ

ಡಾಕ್ಟರು ಕೊಟ್ಟ ಮೂರು ಚೆಂಡಿನ ಡಬ್ಬಿಯಲ್ಲಿ ಉಸಿರು ಎಳೆದೆ. ಎರಡು ಚೆಂಡು ಎದ್ದವು. ಮೂರನೆಯದಕ್ಕೆ ಸೊಕ್ಕು. ಎಡ ಎದೆ ಇನ್ನೂ ಚುಚ್ಚುತ್ತದೆ. ಸಿಕ್ ಲೀವ್ ಇನ್ನು ಮೂರೂವರೆ ವಾರ. ಆಮೇಲೆ ಮೆಡಿಕಲ್ ಬೋರ್ಡು. ಪಾಸಾದರೆ ಮತ್ತೆ ಸಬ್‌ಮರೀನ್ ತರಬೇತಿ. ಇಲ್ಲವಾದರೆ ಯಾವುದೋ ಹಡಗಿನ ಸ್ಟೋರಿನಲ್ಲಿ ಅಕ್ಕಿ ಮೂಟೆ ಕಾಯುವ ಭಾಗ್ಯ.

ಅಮ್ಮ ಗಂಜಿ ತಂದಿಟ್ಟು ಕೇಳಿದಳು, “ಹುಟ್ಟಿದಾಗಿಂದ ಹೊಳೇಲೇ ಬಿದ್ಕಂಡಿದ್ದವ. ನಿಂಗೆ ನೀರಲ್ಲಿ ಎಂತ ಆತು ಮೋಹನ?”

ನನಗೂ ಅದೇ ಪ್ರಶ್ನೆ.

೧೪ ಫೆಬ್ರವರಿ

ಒಮ್ಮೆ ಸರಿಯಾಗಿ ಬರೆದಿಡುತ್ತೇನೆ, ತಲೆ ಕೆಡುವ ಮುಂಚೆ.

ತರಬೇತಿ ಕೇಂದ್ರದ ಎತ್ತರದ ಗೋಪುರ. ತುಂಬ ನೀರು. ತಳದಲ್ಲಿ ಒಂದು ಕೋಣೆ—ಮುಳುಗಿದ ಸಬ್‌ಮರೀನ್ ಎಂದುಕೊಳ್ಳಬೇಕು. ಅಲ್ಲಿಯ ಒತ್ತಡದ ಗಾಳಿ ಎಳೆದುಕೊಂಡು ಬಾಗಿಲು ದಾಟಿ ಮೇಲೆ ಬರಬೇಕು. ನಿಯಮ ಒಂದೇ. ಬರುವಷ್ಟು ಹೊತ್ತೂ ಉಸಿರು ಬಿಡುತ್ತಿರಬೇಕು. ಕೆಳಗೆ ತುಂಬಿಕೊಂಡ ಗಾಳಿ ಮೇಲೇರಿದಂತೆ ಹಿಗ್ಗುತ್ತದೆ. ಹಿಡಿದಿಟ್ಟರೆ ಶ್ವಾಸಕೋಶ ಹರಿಯುತ್ತದೆ.

ನಾನು ಬಿಡುತ್ತಿದ್ದೆ. ನಡುನೀರಿನಲ್ಲಿ ಕಾವಲಿದ್ದ ಇನ್‌ಸ್ಟ್ರಕ್ಟರ್ ಹರಿಹರಣ್ಣ ಹೊಟ್ಟೆಗೆ ಗುದ್ದಿದರು. ಗಾಬರಿಯಲ್ಲಿ ಉಸಿರು ಸಿಕ್ಕಿಕೊಂಡಿತು. ಬಾಯಲ್ಲಿ ರಕ್ತ. ಆಸ್ಪತ್ರೆಯಲ್ಲಿ ಹೀಗೆಯೇ ಬರೆದುಕೊಟ್ಟು ಸಹಿ ಹಾಕಿದೆ. ಹರಿಹರಣ್ಣ ಹೇಳುವುದೇ ಬೇರೆ—“ಇವನ ಬಾಯಿಂದ ಗುಳ್ಳೆ ಬರುತ್ತಿರಲಿಲ್ಲ, ಬಿಡಲಿ ಎಂದೇ ಗುದ್ದಿದೆ.”

ಇಬ್ಬರಲ್ಲಿ ಒಬ್ಬನದು ತಪ್ಪು. ಹರಿಹರಣ್ಣ ಸುಳ್ಳು ಹೇಳುವವರಲ್ಲ. ನಾನೂ ಹೇಳಿಲ್ಲ. ಹಾಗಾದರೆ?

೨೦ ಫೆಬ್ರವರಿ, ಸಂಜೆ

ಹರಿಹರಣ್ಣನ ಹೆಂಡತಿ ಬಂದಿದ್ದರು. ಮಾಲಿನಿ ಅತ್ತಿಗೆ. ಹಳದೀಪುರದಿಂದ ಬಸ್ಸಿನಲ್ಲಿ, ಚೀಲದಲ್ಲಿ ನಾಲ್ಕು ಎಳನೀರು ಹೊತ್ತುಕೊಂಡು.

“ಅವ್ರೇ ಫೋನಲ್ಲಿ ಹೇಳಿದ್ರು, ಹೋಗಿ ನೋಡ್ಕಂಡು ಬಾ ಅಂತ. ಯಾವಾಗ್ಲೂ ನಿಮ್ದೇ ಸುದ್ದಿ.”

ಅಮ್ಮ ಚಾ ಮಾಡಲು ಒಳಗೆ ಹೋದಳು. ಅತ್ತಿಗೆ ಸ್ವರ ತಗ್ಗಿಸಿದರು. “ಅವ್ರ ಮೇಲೆ ಎಂತದೋ ಎನ್‌ಕ್ವಾಯರಿ ಅಂತೆ. ನೀರಿಗೆ ಇಳ್ಸ್ತಾನೇ ಇಲ್ವಂತೆ. ಎಂತಕ್ಕೆ ಕೇಳಿದ್ರೆ ಹೇಳುದಿಲ್ಲ. ನೀವು ಅಲ್ಲೇ ಇದ್ದವ್ರು. ನಿಮ್ಗೇನಾದ್ರೂ ಗೊತ್ತುಂಟಾ?”

“ಇಲ್ಲ ಅತ್ತಿಗೆ” ಎಂದೆ.

ಎನ್‌ಕ್ವಾಯರಿ ನನ್ನ ಹೇಳಿಕೆಯಿಂದ ಎಂದು ಸ್ವಂತ ಹೆಂಡತಿಗೂ ಹೇಳಿಲ್ಲ ಆ ಮನುಷ್ಯ! ನಾನಾಗಿದ್ದರೆ ಊರೆಲ್ಲ ಡಂಗುರ ಹೊಡೆಯುತ್ತಿದ್ದೆ. ನಾಚಿಕೆಯಾಯಿತು. ಆದರೆ ನಾಚಿಕೆ ಯಾಕೆ? ನಾನು ಬರೆದದ್ದು ನಿಜವಲ್ಲವೇ?

ಎಳನೀರು ಕುಡಿಯಲಿಲ್ಲ. ಅಮ್ಮ ಬೈದಳು.

೨೧ ಫೆಬ್ರವರಿ

ಮಂಚದ ಮೇಲೆ ಕಣ್ಣು ಮುಚ್ಚಿ ಗೋಪುರವನ್ನು ಹತ್ತು ಸಲ ಹತ್ತಿದೆ. ಐದು ಸಲ ಉಸಿರು ಬಿಟ್ಟೆ. ಐದು ಸಲ ಬಿಡಲಿಲ್ಲ. ನೆನಪೂ ಯಾರ ಪಕ್ಷ ಎಂದು ಹೇಳುತ್ತಿಲ್ಲ.

೩ ಮಾರ್ಚ್, ಭಾನುವಾರ

ಡಾಕ್ಟರಿಗೆ ತಿಳಿದರೆ ಕೊಂದಾರು.

ಲಿಂಗಪ್ಪ ಮಾವನ ದೋಣಿ ಹತ್ತಿದೆ. ಅವನು ಇವತ್ತಿಗೂ ಶರಾವತಿಯ ತಳದಿಂದ ಸುಣ್ಣದ ಚಿಪ್ಪು ತೆಗೆಯುವವನು. ನನಗೆ ಮುಳುಗಲು ಕಲಿಸಿದವನೂ ಅವನೇ. ಯಾಕೆಂದು ಹೇಳಲಿಲ್ಲ. ಎರಡಾಳು ನೀರು, ತಳ ಕಾಣುತ್ತಿತ್ತು. ಇಳಿದೆ. ಒಂದು ಹಿಡಿ ಚಿಪ್ಪು ಬಾಚಿದೆ. ಬರುವಾಗ ಉಸಿರು ಬಿಡುತ್ತ ಬಂದೆ. ದೇವರಾಣೆ, ಬಿಡುತ್ತಲೇ ಬಂದೆ.

“ಮಾವ, ಗುಳ್ಳೆ ಎಷ್ಟು ಬಂತು?”

“ಗುಳ್ಳೆಯಾ?” ಮಾವನ ಮುಖ ಅರಳಿತು. “ಒಂದೂ ಇಲ್ಲ! ನೀರು ಅಲುಗ್ಲಿಲ್ಲ. ನೇವಿಗೆ ಹೋದ್ರೂ ಕಸುಬು ಮರೀಲಿಲ್ಲ ನೋಡು ನೀನು.”

ಮತ್ತೆ ಇಳಿದೆ. ಒಂದೂ ಇಲ್ಲ. ಮೂರನೇ ಸಲ ಏರುವಾಗ ತುಟಿಯ ಮೇಲೆ ಬೆರಳಿಟ್ಟು ನೋಡಿದೆ. ಬಿಗಿದು ಮುಚ್ಚಿತ್ತು. ಮನಸ್ಸು ಮಾತ್ರ ಬಿಡುತ್ತಿತ್ತು.

ಇಲ್ಲಿ ಹೊಳೆಯಲ್ಲಿ ಗಾಳಿ ಮೇಲಿನಿಂದ ಒಯ್ಯುವುದು, ಹಿಗ್ಗುವ ಭಯವಿಲ್ಲ; ಹಿಡಿದವನೇ ಗಟ್ಟಿ. ಗುಳ್ಳೆ ಬಿಟ್ಟ ಹುಡುಗರ ತಲೆಗೆ ಮಾವ ಮೊಟಕುತ್ತಿದ್ದ. ಆರು ವರ್ಷದವನಿದ್ದಾಗಿನಿಂದ ಕಲಿತದ್ದು ಆರು ತಿಂಗಳ ಕ್ಲಾಸಿಗೆ ಬಗ್ಗುತ್ತದೆಯೇ?

ಮಾವ ಖುಷಿಯಲ್ಲಿ ಬೀಡಿ ಹಚ್ಚಿದ. ನಾನು ದೋಣಿಯ ಅಂಚು ಹಿಡಿದು ಅತ್ತೆ. ನೀರು ಕುಡಿದೆ ಎಂದುಕೊಂಡು ಬೆನ್ನು ತಟ್ಟಿದ.

೪ ಮಾರ್ಚ್

ನಿಜ ಬರೆದು ಕಳಿಸಿದರೆ ಹರಿಹರಣ್ಣ ನೀರಿಗೆ ಮರಳುತ್ತಾರೆ. ನನಗೆ ಸಬ್‌ಮರೀನ್ ಮುಗಿಯಿತು—ತನ್ನ ಬಾಯಿ ತೆರೆದಿದೆಯೋ ಮುಚ್ಚಿದೆಯೋ ಗೊತ್ತಿಲ್ಲದವನನ್ನು ಯಾವ ಬೋರ್ಡು ಕಳಿಸುತ್ತದೆ? ಬರೆಯದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾವನಿಗಂತೂ ಇಲ್ಲ.

ನಾಲ್ಕು ಹಾಳೆ ಹರಿದೆ. “ನನ್ನ ಹೇಳಿಕೆ ಸುಳ್ಳು” ಎಂದು ಬರೆದೆ. ಸುಳ್ಳಲ್ಲ. “ತಪ್ಪು” ಎಂದು ಬರೆದೆ. ಅಷ್ಟೇ ಸಾಕೇ? ಗೊತ್ತಿಲ್ಲ. ಯಾವುದೂ ಗೊತ್ತಿಲ್ಲ.

೬ ಮಾರ್ಚ್, ೧೧.೨೦. ಬಸ್‌ಸ್ಟ್ಯಾಂಡು

ಎನ್‌ಕ್ವಾಯರಿಯವರಿಗೆ ರಿಜಿಸ್ಟರ್ ಪೋಸ್ಟ್ ಮಾಡಿ ಬಂದೆ. ಮುಖ್ಯ ಸಾಲು ಇಲ್ಲಿಯೂ ಇರಲಿ: “ಅವರು ಗುದ್ದುವವರೆಗೆ ನಾನು ಉಸಿರು ಬಿಟ್ಟಿರಲಿಲ್ಲ. ಆ ಗುದ್ದಿನಿಂದಲೇ ನಾನು ಬದುಕಿದ್ದೇನೆ.”

ಹಗುರಾಗಬೇಕಿತ್ತು. ಆಗಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಕುಮಟಾ ಬಸ್ಸು ಬಂತು. ಹಳದೀಪುರದಲ್ಲಿ ಇಳಿಯುವುದು, ಅತ್ತಿಗೆ ಬಾಗಿಲು ತೆರೆದ ಕೂಡಲೇ ಹೇಳಿಬಿಡುವುದು. ಆದರೆ ಅವರು “ಎದೆನೋವು ಕಮ್ಮಿ ಆತಾ?” ಎಂದು ಮೊದಲೇ ಕೇಳಿಬಿಟ್ಟರೆ ನಾನು—